ಬಾಲ್ಕನಿ ಬೇಡವೆಂದವಳು

“ಆ ಹಾರ ಕಿತ್ತಾಕ್ರಿ ಮೊದ್ಲು!”

ಮಾರಕ್ಕ ಕೂಗಿದ ರಭಸಕ್ಕೆ ಸೂಲಿಬೆಲೆಯ ಹಾಲಿನ ಡೇರಿಯಲ್ಲಿ ಕ್ಯಾನು ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಗೋಡೆಯ ಮೇಲೆ ಪಿಳ್ಳಮ್ಮನ ಫೋಟೋ ಹೊಸದಾಗಿ ಬಂದಿತ್ತು. ಅದಕ್ಕೆ ಸೇವಂತಿಗೆ ಹಾರ, ಕೆಳಗೆ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಡೇರಿಯ ಕಾರ್ಯದರ್ಶಿ ಏನೋ ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಾರಕ್ಕ ಸ್ಟೂಲ್ ಎಳೆದು ಹತ್ತಿ, ಹಾರವನ್ನು ಕಿತ್ತು ಬಾಗಿಲಾಚೆ ಎಸೆದಳು.

“ಹೆಣ ಕಂಡೋರು ಯಾರಾದ್ರೂ ಇದ್ದೀರಾ? ಇದ್ರೆ ಮುಂದಕ್ಕೆ ಬನ್ನಿ. ಇಲ್ದಿದ್ರೆ ನಮ್ಮ ಪಿಳ್ಳಿನ ನೀವೇ ಸಾಯಿಸ್ಬ್ಯಾಡಿ.”

ಯಾರೂ ಮುಂದೆ ಬರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಮಾತ್ರ ಸಣ್ಣಗೆ ನಕ್ಕು, “ಹೆಂಗಸ್ರು ಹಸ ಕಟ್ಕೊಂಡು ಇರೋದ್ ಬಿಟ್ಟು ಹಡಗು ಹತ್ತೋಕ್ ಹೋದ್ರೆ ಇನ್ನೇನಾಯ್ತದೆ?” ಎಂದ.

“ಹತ್ತಿದ್ವು ಕಣಲಾ. ನಿಮ್ಮಪ್ಪನ ಮನೆ ದುಡ್ಡಲ್ಲಲ್ಲ. ಇನ್ನೊಂದ್ಸಲಾನೂ ಹತ್ತೀನಿ, ನೋಡ್ತಾ ಇರು.”

ಹಾರ ಬಂದು ಬಿದ್ದದ್ದು ಆಗಷ್ಟೇ ಬಾಗಿಲಿಗೆ ಬಂದಿದ್ದ ಅನಸೂಯಳ ಕಾಲ ಬುಡಕ್ಕೆ. ಆಕೆ ಅದನ್ನು ದಾಟಿ ಒಳಗೆ ಬಂದು, “ಕೆಳಗಿಳೀರಿ ಮಾರಕ್ಕ. ಇನ್ನೊಂದು ಸಲ ಮಾತಾಡಬೇಕು” ಎಂದು ಕೈ ಚಾಚಿದಳು.

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೊರಟಿದ್ದ ‘ನೀಲತಾರೆ’ ಎಂಬ ಪ್ರವಾಸಿ ಹಡಗಿನ ಬಾಲ್ಕನಿಯಿಂದ, ಗೆಳತಿ ಮಾರಕ್ಕನ ಜೊತೆ ಹೋಗಿದ್ದ ಪಿಳ್ಳಮ್ಮ ಸಮುದ್ರಕ್ಕೆ ಜಾರಿ ಬಿದ್ದಳೆಂದು ಬಂದರಿನ ಪೊಲೀಸರು ಬರೆದು ಮುಗಿಸಿದ್ದರು. ಮಾಕಳಿದುರ್ಗದ ಬಂಡೆಯ ಮೇಲಿಂದ ಕೆಂಪರಾಜು ಎಂಬ ಯುವಕನನ್ನು ತಳ್ಳಿದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಹೇಳಿದ್ದವಳು ಆಕೆಯೊಬ್ಬಳೇ. ಕೋರ್ಟಿನಲ್ಲಿ ಅವಳ ಸಾಕ್ಷಿಯ ದಿನ ಹತ್ತಿರವಾಗಿತ್ತು.

ಆ ಕೆಂಪರಾಜುವಿನ ಹೆಣವನ್ನು ಬೆಟ್ಟದ ಬುಡದಲ್ಲಿ ಮೊದಲು ನೋಡಿದ ಅಧಿಕಾರಿ ಅನಸೂಯಳೇ. ಆಗ ಆಕೆ ಸಬ್ ಇನ್‌ಸ್ಪೆಕ್ಟರ್. ‘ಸೆಲ್ಫಿ ತೆಗೆಯಲು ಹೋಗಿ ಜಾರಿದ’ ಎಂದು ಬರೆಯಲು ಮೇಲಿನಿಂದ ಮಾತು ಬಂದಾಗ, ಬರೆಯುವುದಿಲ್ಲ ಎಂದಿದ್ದಳು. ಆಮೇಲೆ ಕೆಲಸವನ್ನೇ ಬಿಟ್ಟಳು. ಈಗ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಎದುರು, ಬಟ್ಟೆ ಅಂಗಡಿಯ ಮಹಡಿಯ ಮೇಲೆ, ಅವಳದೇ ಸಣ್ಣ ಪತ್ತೇದಾರಿ ಕಚೇರಿ. ಹಳೆಯ ಸಹೋದ್ಯೋಗಿಗಳು ಈಗ ಎದುರು ಸಿಕ್ಕರೆ ರಸ್ತೆ ದಾಟುತ್ತಿದ್ದರು. ಸತ್ತ ಯುವಕನ ತಂದೆಯ ಪರ ವಕೀಲ ಶ್ರೀಧರ್ ಒಬ್ಬ ಮಾತ್ರ ಮೊದಲಿನಿಂದಲೂ ಅವಳ ಬೆನ್ನಿಗೆ ನಿಂತಿದ್ದ.

ಎರಡು ಸಲ ಜಾರಿದ ಕಥೆ. ಮೊದಲ ಸಲ ಬೆಟ್ಟ, ಎರಡನೆಯ ಸಲ ಹಡಗು. ಅನಸೂಯ ಎರಡನ್ನೂ ನುಂಗಲು ತಯಾರಿರಲಿಲ್ಲ.

ಮಾರಕ್ಕನ ಮನೆಯ ಹಿಂದೆ ಹಸುಗಳಿಗೆ ಹುಲ್ಲು ಹಾಕುತ್ತಲೇ ಮಾತು ನಡೆಯಿತು. ಮಾರಕ್ಕನಿಗೆ ಕೂತು ಮಾತಾಡುವ ಅಭ್ಯಾಸವೇ ಇಲ್ಲ.

“ಬಾಲ್ಕನಿ ರೂಮು ನಾವು ಕೇಳೇ ಇರ್ಲಿಲ್ಲ ಕಣಮ್ಮ. ಬ್ಯಾಡ ಅಂದಿದ್ಲು ಪಿಳ್ಳಿ. ಕಿಟಕಿನೂ ಬ್ಯಾಡ ಅಂದಿದ್ಲು.”

“ಸಮುದ್ರ ನೋಡೋಕೆ ಹೋಗೋರಿಗೆ ಕಿಟಕಿ ಬೇಡ್ವಾ?”

“ಆ ಹುಡುಗ ಬೆಟ್ಟದ್ ಮ್ಯಾಲಿಂದ ಬಿದ್ದಿದ್ ನೋಡಿದ್ ಮ್ಯಾಲೆ ಅವಳಿಗೆ ತಾರಸಿ ಹತ್ತಿದ್ರೂ ತಲೆ ಸುತ್ತೋದು. ಹಪ್ಪಳ ಒಣಗಿಸೋಕೂ ನನ್ನೇ ಮ್ಯಾಲಕ್ ಕಳಿಸೋಳು. ‘ಸಮುದ್ರಾನ ಹಗಲೊತ್ತು ಕೆಳಗ್ ನಿಂತ್ಕೊಂಡ್ ನೋಡ್ತೀನಿ, ರಾತ್ರಿ ನಾಕು ಗೋಡೆ ಒಳಗೆ ಮಲಗ್ತೀನಿ’ ಅಂದ್ಲು. ಹಂಗೇ ಬುಕ್ ಮಾಡ್ಸಿದ್ವು.”

“ಮತ್ತೆ ಮೇಲಿನ ರೂಮಿಗೆ ಯಾಕೆ ಹೋದ್ರು?”

ಮಾರಕ್ಕನ ಕೈ ನಿಂತಿತು. “ಹಡಗು ಹತ್ತೋವಾಗ ಕೌಂಟರ್‌ನಲ್ಲಿ ಒಂದ್ ಹುಡುಗಿ ನಗ್ನಗ್ತಾ ಹೇಳಿದ್ಲು, ಇವರಿಗೆ ಮ್ಯಾಲಗಡೆ ದೊಡ್ ರೂಮು ಬಂದೈತೆ ಅಂತ. ಇವಳೊಬ್ಬಳಿಗೇಯ. ನಂಗಿಲ್ಲ. ಪಿಳ್ಳಿ ಬಿಲ್ಕುಲ್ ಆಗಲ್ಲ ಅಂದ್ಲು. ಆಮ್ಯಾಕೆ ಅವಳಿಗೊಂದು ಫೋನ್ ಬಂತು. ಆ ಕಡೆ ಹೋಗಿ ಮಾತಾಡಿ ಬಂದ್ಲು. ಬಂದೋಳು, ‘ಮ್ಯಾಲೆ ಕ್ಯಾಮೆರಾ ಜಾಸ್ತಿ ಅಂತೆ ಕಣೆ, ಅಲ್ಲೇ ಜೋಪಾನ ಅಂತೆ’ ಅಂದ್ಬುಟ್ಟು ಬ್ಯಾಗ್ ಎತ್ಕೊಂಡ್ಲು.”

“ಫೋನ್ ಯಾರ್ದು?”

“ಕೇಳ್ದೆ. ‘ನಮ್ಮೋರೇ’ ಅಂದ್ಲು, ಅಷ್ಟೇಯ.”

ಪಿಳ್ಳಮ್ಮನ ಫೋನೂ ಅವಳ ಜೊತೆಗೇ ಹೋಗಿತ್ತು. ಬಾಲ್ಕನಿಯಲ್ಲಿ ಸಿಕ್ಕಿದ್ದು ಒಂದು ಚಪ್ಪಲಿ ಮತ್ತು ಹೊದ್ದುಕೊಳ್ಳುವ ಶಾಲು ಮಾತ್ರ.

ಅನಸೂಯ ಎದ್ದಳು. ಈ ಕಗ್ಗಂಟು ಬಿಚ್ಚಬೇಕಾದರೆ ಮೊದಲು ಹಡಗಿನ ಕೋಣೆಗಳನ್ನು ಅರ್ಥ ಮಾಡಿಕೊಳ್ಳಬೇಕಿತ್ತು.

*

ದೇವನಹಳ್ಳಿಯ ಕೋಟೆ ಬೀದಿಯಲ್ಲಿ ಸುನಿಲ್‌ಕುಮಾರನ ಪ್ರವಾಸ ಕಚೇರಿ. ಪೊಲೀಸರು ಬಂದು ಹೋದ ಮೇಲೆ ಅವನ ಗಿರಾಕಿಗಳು ಕಡಿಮೆಯಾಗಿದ್ದರು. ಅನಸೂಯಳನ್ನು ಕಂಡ ಕೂಡಲೇ ಮುಖ ಕಿವುಚಿದ.

“ಮೇಡಂ, ನಾನು ಬುಕ್ ಮಾಡಿದ್ದು ಒಂದು ರೂಮು, ಅವರು ಮಲಗಿದ್ದು ಇನ್ನೊಂದು ರೂಮು. ಅದಕ್ಕೆ ನಾನೇನ್ ಮಾಡ್ಲಿ?”

“ಅದನ್ನೇ ಕೇಳೋಕೆ ಬಂದೆ. ಯಾವ ರೂಮು ಬುಕ್ ಮಾಡಿದ್ರಿ, ಯಾಕೆ ಅದೇ?”

ಅವನು ಸ್ವಲ್ಪ ಸಡಿಲವಾದ. ಕೆಲಸದ ಮಾತು ಬಂದರೆ ಅವನಿಗೆ ಉತ್ಸಾಹ.

“ನಾನು ಮೊದಲು ತೋರಿಸಿದ್ದು ದೊಡ್ಡ ಹಡಗು. ಜಾರುಬಂಡಿ, ಈಜುಕೊಳ, ಥಿಯೇಟರ್, ಎಲ್ಲಾ ಇತ್ತು. ಪಿಳ್ಳಮ್ಮ ಕೇಳಿದ್ರು, ‘ನಾವೇನು ಜಾರುಬಂಡಿ ಆಡ್ತೀವೇನಪ್ಪಾ? ದ್ವೀಪದ ಹತ್ರ ಜಾಸ್ತಿ ಹೊತ್ತು ನಿಲ್ಲೋದು ಯಾವ್ದು ಹೇಳು’ ಅಂತ. ಚಿಕ್ಕ ಹಡಗು ನಿಲ್ಲುತ್ತೆ. ಅದನ್ನೇ ಆರಿಸಿದ್ರು. ಆಮೇಲೆ ರೂಮು. ಕಡಿಮೆ ರೇಟಿಗೆ ಬೇಕಂದ್ರೆ ಕಂಪನಿಯವರು ಎಲ್ಲಿ ಕೊಡ್ತಾರೋ ಅಲ್ಲಿ ಹೋಗ್ಬೇಕು, ನಂಬರು ಮೊದಲೇ ಗೊತ್ತಿರಲ್ಲ ಅಂದೆ. ‘ಹೆಣ್ಣು ನೋಡ್ದೆ ಮದ್ವೆ ಮಾಡ್ಕಂಡಂಗೆ ಆಯ್ತದೆ, ಬ್ಯಾಡ’ ಅಂದ್ರು.”

ಅನಸೂಯಳಿಗೆ ನಗು ಬಂತು. ಪಿಳ್ಳಮ್ಮನ ಧ್ವನಿಯೇ ಕೇಳಿಸಿದಂತಾಯಿತು.

ಸುನಿಲ್‌ಕುಮಾರ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. ಹಡಗನ್ನು ಮೇಲಿನಿಂದ ಸೀಳಿ ತೆರೆದಿಟ್ಟಂಥ ನಕ್ಷೆ. ಪುಟ್ಟ ಪುಟ್ಟ ಚೌಕಗಳಲ್ಲಿ ಕೋಣೆಗಳು.

“ಹಡಗು ಕಡಿಮೆ ಆಡೋದು ಇಲ್ಲಿ, ಕೆಳಗೆ, ಮಧ್ಯದಲ್ಲಿ. ಎತ್ತಿನ ಗಾಡೀಲಿ ಅಚ್ಚಿನ ಮೇಲೆ ಕೂತಂಗೆ. ಮುಂದಿನ ತುದಿ, ಹಿಂದಿನ ತುದಿ, ಮೇಲಿನ ಅಂತಸ್ತು ಎಲ್ಲಾ ತೂಗುತ್ತೆ. ಆಮೇಲೆ ತಲೆ ಮೇಲೆ ಏನಿದೆ ನೋಡ್ಬೇಕು. ಅಡುಗೆಮನೆ ಇದ್ರೆ ಬೆಳಗಿನ ಜಾವದಿಂದ ಪಾತ್ರೆ ಸದ್ದು, ಡ್ಯಾನ್ಸ್ ಹಾಲ್ ಇದ್ರೆ ರಾತ್ರಿಯೆಲ್ಲಾ ಧಡಧಡ. ನಾನು ಮೇಲೂ ಕೆಳಗೂ ರೂಮುಗಳೇ ಇರೋ ಕಡೆ ಹುಡುಕಿ ಕೊಟ್ಟೆ.”

“ನಂಬರ್ ಸಮೇತ ಆರಿಸಿ ಬುಕ್ ಮಾಡಿದ್ದನ್ನ ಕಂಪನಿಯವರು ತಾವಾಗೇ ಬದಲಾಯಿಸ್ತಾರಾ?”

“ಸಾಮಾನ್ಯವಾಗಿ ಇಲ್ಲ. ಬದಲಾಯಿಸಿದ್ರೂ ಇಬ್ಬರನ್ನೂ ಒಟ್ಟಿಗೇ ಮೇಲೆ ಹಾಕ್ತಾರೆ. ಒಂದೇ ರೂಮಿನ ಇಬ್ಬರಲ್ಲಿ ಒಬ್ಬರನ್ನ ಮಾತ್ರ ಎಳ್ಕೊಂಡು ಹೋಗಲ್ಲ.” ಅವನು ತಲೆ ಕೆರೆದುಕೊಂಡ. “ಯಾರೋ ದುಡ್ಡು ಕಟ್ಟಿ ಕೇಳಿರಬೇಕು. ಆ ರೂಮನ್ನೇ ಕೇಳಿರಬೇಕು.”

“ಆ ರೂಮೇ ಯಾಕೆ? ತೋರಿಸಿ.”

ಮೇಲಿನ ಅಂತಸ್ತು, ಹಿಂದಿನ ತುದಿ. ಪಿಳ್ಳಮ್ಮ ಬೇಡವೆಂದಿದ್ದೆಲ್ಲವೂ ಒಂದೇ ಕಡೆ ಸೇರಿದಂತಿತ್ತು. ಅನಸೂಯ ಪರದೆಗೆ ಮುಖ ಹತ್ತಿರ ಮಾಡಿದಳು. ಆ ಚೌಕಕ್ಕೂ ಪಕ್ಕದ ಚೌಕಕ್ಕೂ ನಡುವಿನ ಗೆರೆಯ ಮೇಲೆ ಒಂದು ಸಣ್ಣ ತ್ರಿಕೋನವಿತ್ತು. ಬೇರೆ ಕೋಣೆಗಳ ನಡುವೆ ಇರಲಿಲ್ಲ.

“ಇದೇನಿದು?”

“ಅದಾ? ಒಳಬಾಗಿಲು. ದೊಡ್ಡ ಸಂಸಾರದೋರು ಎರಡು ರೂಮು ತಗೊಂಡ್ರೆ ಒಳಗಿಂದಲೇ ಓಡಾಡ್ಬಹುದು. ಬೇರೆಯೋರಿಗೆ ನಾನು ಆ ರೂಮು ಕೊಡೋದೇ ಇಲ್ಲ. ಪಕ್ಕದೋರು ಕೆಮ್ಮಿದ್ರೂ ಕೇಳುತ್ತೆ.”

ಅನಸೂಯಳ ಬೆನ್ನು ನೆಟ್ಟಗಾಯಿತು. ಪೊಲೀಸರು ಕೇಸು ಮುಚ್ಚಿದ್ದೇ ಒಂದು ಆಧಾರದ ಮೇಲೆ: ಪಿಳ್ಳಮ್ಮ ಒಳಗೆ ಹೋದ ಮೇಲೆ ಆ ಕೋಣೆಯ ಬಾಗಿಲು ಬೆಳಗಿನವರೆಗೆ ತೆರೆದಿರಲಿಲ್ಲ, ಹೊರಗಿನ ಕಾರಿಡಾರಿನ ಕ್ಯಾಮೆರಾದಲ್ಲಿ ಯಾರೂ ಒಳಹೋದದ್ದು ಕಂಡಿರಲಿಲ್ಲ.

“ಪಕ್ಕದ ರೂಮಿನೋರು ಇದನ್ನ ತೆಗೆದು ಈ ಕಡೆ ಬರಬಹುದಾ?”

“ಆಗಲ್ಲ ಮೇಡಂ. ಅಲ್ಲಿರೋದು ಒಂದಲ್ಲ, ಬೆನ್ನಿಗೆ ಬೆನ್ನು ಕೊಟ್ಟಿರೋ ಎರಡು ಬಾಗಿಲು. ಅವರ ಬಾಗಿಲಿನ ಚಿಲಕ ಅವರ ಕಡೆ, ಇವರ ಬಾಗಿಲಿನ ಚಿಲಕ ಇವರ ಕಡೆ. ಇಬ್ಬರೂ ತೆಗೆದ್ರೆ ಮಾತ್ರ ದಾರಿ.”

“ಅಂದ್ರೆ ಪಿಳ್ಳಮ್ಮನೇ ತನ್ನ ಕೈಯಾರೆ ತೆಗೀಬೇಕಿತ್ತು.”

ಸುನಿಲ್‌ಕುಮಾರ ಪರದೆಯನ್ನು ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡ. ಅವನ ಮುಖ ಬಿಳಿಚಿಕೊಂಡಿತ್ತು.

*

ಮಾಕಳಿದುರ್ಗದ ಬುಡದಲ್ಲಿ ಬೈರೇಶನ ಕಲ್ಲುಗಣಿ. ಕೆಂಪರಾಜು ಸಾಯುವ ಮುನ್ನ ತನ್ನ ಕ್ಯಾಮೆರಾದಲ್ಲಿ ಹಿಡಿದದ್ದು ಈ ಗಣಿಯ ಕಳ್ಳ ಸ್ಫೋಟಗಳನ್ನೇ ಎಂದು ಅವನ ತಂದೆಯ ದೂರು. ಅವನನ್ನು ಬಂಡೆಯಿಂದ ತಳ್ಳಿದವನು ಬೈರೇಶನೇ ಎಂದು ಪಿಳ್ಳಮ್ಮನ ಹೇಳಿಕೆ. ಬೈರೇಶ ಜಾಮೀನಿನ ಮೇಲೆ ಹೊರಗಿದ್ದ.

ಅನಸೂಯಳ ಕಾರು ಒಳಬಂದಾಗ ಅವನು ಶೀಟಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದ. ಎದ್ದು ನಿಲ್ಲಲಿಲ್ಲ.

“ಬನ್ನಿ ಮೇಡಂ. ಡ್ಯೂಟಿ ಇಲ್ದಿದ್ರೂ ರೌಂಡ್ಸ್ ನಿಲ್ಲಿಸಿಲ್ಲ ನೀವು. ಎಳನೀರು?”

“ಬೇಡ. ಪಿಳ್ಳಮ್ಮನ ವಿಷ್ಯ.”

“ಪಾಪ, ಕೇಳ್ದೆ. ವಯಸ್ಸಾದೋರಿಗೆ ಯಾಕೆ ಗುರು ಹಡಗು, ಸಮುದ್ರ? ನಾನಂತೂ ಅವತ್ತು ಇಲ್ಲೇ ನಮ್ಮ ಮಾವನ ಮನೆ ಮದ್ವೇಲಿದ್ದೆ. ಊರಿಗೆ ಊರೇ ನೋಡಿದೆ.”

“ನಾನು ಕೇಳೋಕೆ ಮೊದ್ಲೇ ಹೇಳ್ತಿದ್ದೀರಿ.”

“ನೀವು ಕೇಳೋದು ಅದನ್ನೇ ತಾನೇ? ನನ್ನ ಹುಡುಗರು ಯಾರಾದ್ರೂ ಹಡಗಲ್ಲಿದ್ರಾ ಅಂತನೂ ಕೇಳ್ತೀರಿ. ಪೊಲೀಸ್ನೋರು ಕೇಳಿ ಆಯ್ತು. ಒಬ್ಬನೂ ಇರ್ಲಿಲ್ಲ.” ಬೈರೇಶ ಕೈಯ ಚಿನ್ನದ ಕಡಗ ತಿರುಗಿಸಿಕೊಂಡ. “ಇದ್ರೂ ಏನ್ ಉಪಯೋಗ ಹೇಳಿ. ನಮ್ಮೋರ ಮುಖ ಕಂಡ್ರೆ ಕುಡುಗೋಲು ಎತ್ಕೊಂಡು ಬರೋ ಹೆಂಗಸು ಅದು. ನಮ್ಮೋನು ಪಕ್ಕದ ರೂಮಲ್ಲಿ ನಿಂತು ಕೂಗಿದ್ರೆ ಒಳಗಿನ ಚಿಲಕ ತೆಗೀತಿದ್ಲಾ?”

ದೂರದಲ್ಲಿ ಕಲ್ಲು ಒಡೆಯುವ ಯಂತ್ರ ಒಮ್ಮೆ ನಿಂತು ಮತ್ತೆ ಶುರುವಾಯಿತು. ಅನಸೂಯ ಅವನನ್ನೇ ದಿಟ್ಟಿಸಿದಳು.

“ಬೈರೇಶ್, ಒಳಗಿನ ಚಿಲಕದ ವಿಷ್ಯ ನಾನು ಎತ್ತೇ ಇಲ್ಲ.”

ಅವನ ಕೈ ಕಡಗದ ಮೇಲೆ ಹಾಗೇ ಉಳಿಯಿತು.

“ಪಕ್ಕದ ರೂಮಿನ ವಿಷ್ಯಾನೂ ಎತ್ತಿಲ್ಲ. ಪೇಪರಲ್ಲಿ ಬಂದಿಲ್ಲ. ನನಗೇ ಇವತ್ತು ಬೆಳಿಗ್ಗೆ ಗೊತ್ತಾಗಿದ್ದು. ನಿಮಗೆ ಯಾರು ಹೇಳಿದ್ರು?”

ಬೈರೇಶ ನಿಧಾನವಾಗಿ ಎದ್ದ. ಆಳು ಎತ್ತರವಿದ್ದ, ಅನಸೂಯ ತಲೆ ಎತ್ತಿ ನೋಡಬೇಕಾಯಿತು. ಅವನ ಬೆನ್ನ ಹಿಂದೆ ಇಬ್ಬರು ಬಂದು ನಿಂತರು. ಆಕೆ ಇದ್ದ ಜಾಗದಿಂದ ಕದಲಲಿಲ್ಲ.

“ಮೇಡಂ, ಒಂದು ಮಾತು ಹೇಳ್ತೀನಿ. ಯೂನಿಫಾರ್ಮ್ ಇದ್ದಾಗ್ಲೇ ನಿಮ್ಮ ಕೈಲಿ ಏನೂ ಆಗ್ಲಿಲ್ಲ. ಈಗ ಸೀರೆ ಉಟ್ಕೊಂಡು ಬಂದು ಏನ್ ಕಿಸೀತೀರಾ? ಸಾಕ್ಷಿ ನೀರಿಗೆ ಹೋಯ್ತು. ಕೇಸೂ ಹೋಯ್ತು. ಮನೆಗೆ ಹೋಗಿ ಆರಾಮಾಗಿರಿ.”

“ಯೂನಿಫಾರ್ಮ್ ಇದ್ದಾಗ ಮೇಲಿನೋರು ಹೇಳಿದ ಕಡೆ ನಿಲ್ಲಬೇಕಿತ್ತು. ಈಗ ನನ್ನಿಷ್ಟ ಬಂದ ಕಡೆ ನಿಲ್ತೀನಿ. ಇವತ್ತು ನಿಮ್ಮ ಎದುರಿಗೆ ನಿಂತಿದ್ದೀನಿ. ಏನ್ ಮಾಡ್ತೀರೋ ಮಾಡಿ.”

ಹಿಂದೆ ನಿಂತಿದ್ದ ಒಬ್ಬ ಮುಂದಕ್ಕೆ ಹೆಜ್ಜೆ ಇಟ್ಟ. ಬೈರೇಶ ಕೈ ಅಡ್ಡ ಹಿಡಿದು ತಡೆದ. ಆ ತಡೆ ಅವಳಿಗೆ ಸಾಕಾಗಿತ್ತು: ಅವನಿಗೆ ಹೆದರಿಕೆಯಾಗಿತ್ತು.

ಕಾರು ಗಣಿಯ ದೂಳಿನಿಂದ ಹೊರಬಂದು ಟಾರು ರಸ್ತೆ ಹತ್ತಿದ ಮೇಲೆ ಅವಳು ವೇಗ ತಗ್ಗಿಸಿದಳು. ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ ನೀರು ಕುಡಿದಳು.

ಬೈರೇಶ ಬಾಯಿ ಜಾರಿದ್ದ. ಆದರೆ ಜಾರುವಾಗ ಒಂದು ನಿಜವನ್ನೂ ಹೇಳಿದ್ದ. ಅವನ ಕಡೆಯವರಿಗೆ ಪಿಳ್ಳಮ್ಮ ಖಂಡಿತ ಚಿಲಕ ತೆಗೆಯುತ್ತಿರಲಿಲ್ಲ. ಹಾಗಾದರೆ ಯಾರಿಗೆ ತೆಗೆದಳು?

*

“ಸಾಕ್ಷಿ ನೀರಿಗೆ ಹೋಯ್ತು ಅಂದ್ನಾ?” ಮಾರಕ್ಕ ಹಾಲು ಕರೆಯುತ್ತಿದ್ದವಳು ಬಕೆಟ್ಟು ಪಕ್ಕಕ್ಕಿಟ್ಟು ಎದ್ದಳು. ಸಂಜೆಯ ಬಿಸಿಲು ಕೊಟ್ಟಿಗೆಯೊಳಕ್ಕೆ ಓರೆಯಾಗಿ ಬಿದ್ದಿತ್ತು. “ನಾನೇನ್ ಸತ್ತೋಗಿದ್ದೀನಾ?”

“ಅಂದ್ರೆ?”

“ಅವತ್ತು ಬೆಟ್ಟದತ್ರ ಹುಲ್ಲು ಕೊಯ್ಯೋಕೆ ಹೋಗಿದ್ದು ನಾವಿಬ್ರೂನೂವೆ. ಪಿಳ್ಳಿ ತಮ್ಮನ ಮನೆ ಹಬ್ಬಕ್ಕೆ ಅಂತ ಹೋಗಿದ್ವು. ಅವಳು ಮುಂದಿದ್ಲು, ನಾನು ಹೊರೆ ಕಟ್ತಿದ್ದೆ. ಆ ಹುಡುಗ ಕೂಗಿದ್ ಕೇಳಿ ತಲೆ ಎತ್ತಿದ್ರೆ, ಬೈರೇಶ ಬಂಡೆ ಅಂಚಲ್ಲಿ ನಿಂತವ್ನೆ. ಹುಡುಗ ಇಲ್ಲ. ನಾನೂ ಕಂಡೆ ಕಣಮ್ಮ.”

ಅನಸೂಯ ಅವಳ ಹತ್ತಿರಕ್ಕೆ ಬಂದಳು. “ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಪಿಳ್ಳಿ ಆಣೆ ಹಾಕ್ಸಿದ್ಲು. ‘ಇಬ್ರೂ ಬಾಯಿ ಬಿಟ್ರೆ ಇಬ್ರನ್ನೂ ತೆಗೀತಾರೆ. ನಂಗೇನಾದ್ರೂ ಆದ್ರೆ ಆಗ ನೀನ್ ಎದ್ ನಿಲ್ಲು’ ಅಂತ.” ಮಾರಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿರಲಿಲ್ಲ. “ಈಗ ಎದ್ ನಿಂತಿದ್ದೀನಿ. ಯಾವ ಕೋರ್ಟಿಗೆ ಬರ್ಬೇಕು ಹೇಳು.”

ಅನಸೂಯ ಅಲ್ಲೇ ನಿಂತು ವಕೀಲ ಶ್ರೀಧರನಿಗೆ ಫೋನು ಮಾಡಿದಳು. ಆ ಕಡೆಯಿಂದ ಅವನ ಎಂದಿನ ಮೆದು ಧ್ವನಿ.

“ಎಂಥ ಒಳ್ಳೇ ಸುದ್ದಿ ಹೇಳಿದ್ರಿ ಮೇಡಂ. ತಡ ಮಾಡೋದು ಬೇಡ. ನಾಳೆ ಬೆಳಿಗ್ಗೆನೇ ದೇವನಹಳ್ಳಿ ಕೋರ್ಟಲ್ಲಿ ಹೇಳಿಕೆ ಕೊಡಿಸಿಬಿಡೋಣ. ಅವರನ್ನ ಬಸ್ಸಲ್ಲಿ ಕರ್ಕೊಂಡು ಬರಬೇಡಿ. ನಾನೇ ಕಾರು ತಗೊಂಡು ಬರ್ತೀನಿ. ಅಲ್ಲಿ ತನಕ ಯಾರಿಗೂ ಹೇಳ್ಬೇಡಿ.”

ಫೋನು ಇಟ್ಟ ಮೇಲೆ ಅನಸೂಯ ಕೊನೆಯ ಪ್ರಶ್ನೆ ಕೇಳಿದಳು. “ಮಾರಕ್ಕ, ಪಿಳ್ಳಮ್ಮನ ಪಕ್ಕದ ರೂಮಲ್ಲಿ ಯಾರಿದ್ರು?”

“ನಮ್ಮ ಕಡೆಯೋರೇ. ನೆಲಮಂಗಲದ ಹುಡುಗಿ, ಹರ್ಷಿತ ಅಂತ. ಹೊಸದಾಗ್ ಮದ್ವೆ ಆಗಿರೋ ಜೋಡಿ. ಮೊದಲನೇ ದಿನ ಲಿಫ್ಟಲ್ಲಿ ಕನ್ನಡ ಕೇಳಿ ನಮ್ಮನ್ನ ಮಾತಾಡ್ಸಿದ್ಲು. ಫೋಟೋ ಕಳಿಸ್ತೀನಿ ಅಂತ ನಂಬರೂ ಕೊಟ್ಟವ್ಳೆ.”

“ನಾಳೆ ಬೆಳಿಗ್ಗೆ ಅವಳನ್ನ ನೋಡಿ, ಅಲ್ಲಿಂದ ಸೀದಾ ಕೋರ್ಟಿಗೆ ಬರ್ತೀನಿ. ನೀವು ಶ್ರೀಧರ್ ಜೊತೆ ಬನ್ನಿ.”

“ಬರ್ತೀನಿ. ಒಳ್ಳೇ ಸೀರೆ ಉಟ್ಕೊಂಡು ಬರ್ತೀನಿ. ಆ ಬೈರೇಶ ನೋಡ್ಲಿ.”

*

ನೆಲಮಂಗಲದ ಹೊಸ ಬಡಾವಣೆಯೊಂದರಲ್ಲಿ ಹರ್ಷಿತಳ ಮನೆ. ಗಂಡ ವಿಜಯ್ ಕೆಲಸಕ್ಕೆ ಹೋಗಿದ್ದ. ಹುಡುಗಿ ಬಾಗಿಲು ಅರ್ಧ ತೆರೆದು, ಅನಸೂಯ ಬಂದ ಕಾರಣ ಕೇಳಿ, ಮತ್ತೆ ಮುಚ್ಚಲು ನೋಡಿದಳು.

“ನಮಗೇನೂ ಗೊತ್ತಿಲ್ಲ ಮೇಡಂ. ನಾವು ಆ ರೂಮಲ್ಲಿ ಇರಲೇ ಇಲ್ಲ.”

“ಹಡಗಿನವರ ಪ್ರಕಾರ ನೀವೇ ಇದ್ದಿದ್ದು.”

ಹರ್ಷಿತಳ ಮುಖ ಕಳೆಗುಂದಿತು. ಬಾಗಿಲ ಹಿಡಿ ಬಿಟ್ಟಳು. “ಒಳಗೆ ಬನ್ನಿ.”

ಸೋಫಾದ ಅಂಚಿನಲ್ಲಿ ಕೂತು ಅವಳು ಗಡಿಬಿಡಿಯಲ್ಲಿ ಹೇಳತೊಡಗಿದಳು. ಬಾಲ್ಕನಿ ಬೇಕೆಂದು ತಿಂಗಳುಗಟ್ಟಲೆ ನೋಡಿ ಆರಿಸಿದ ಕೋಣೆ ಅದು. ಒಳಬಾಗಿಲು ಇರುವುದು ಮಾತ್ರ ಗಮನಕ್ಕೆ ಬಂದಿರಲಿಲ್ಲ. ಹೋದ ಮೊದಲ ದಿನವೇ ಪಕ್ಕದ ಕೋಣೆಯ ಟಿವಿ ಸದ್ದೆಲ್ಲ ಕೇಳಿಸಿ ಬೇಜಾರಾಗಿತ್ತು.

“ಎರಡನೇ ದಿನ ಮಧ್ಯಾಹ್ನ ಒಬ್ರು ಬಂದ್ರು. ಟೋಪಿ, ಮಾಸ್ಕ್ ಹಾಕ್ಕೊಂಡಿದ್ರು. ಮಾತಾಡೋಕೆ ಮಾಸ್ಕ್ ತೆಗೆದ್ರು. ತುಂಬಾ ಒಳ್ಳೇ ಮಾತು. ‘ಪಕ್ಕದ ರೂಮಲ್ಲಿರೋದು ನಮ್ಮ ತಾಯಿ, ಅವರಿಗೆ ಎತ್ತರ ಅಂದ್ರೆ ಭಯ, ಒಬ್ರೇ ಮಲಗಲ್ಲ. ನನ್ನ ರೂಮು ಇನ್ನೂ ದೊಡ್ಡದು, ಅದನ್ನ ನೀವು ತಗೊಳ್ಳಿ, ಇದನ್ನ ನನಗೆ ಬಿಟ್ಕೊಡಿ’ ಅಂದ್ರು. ಕೌಂಟರಲ್ಲಿ ಹೇಳಿದ್ರೆ ರೂಲ್ಸ್ ಅಂತಾರೆ, ನಮ್ಮ ನಮ್ಮಲ್ಲೇ ಬೀಗದ ಕಾರ್ಡ್ ಬದಲಾಯಿಸಿಕೊಳ್ಳೋಣ ಅಂತಾನೂ ಅವರೇ ಹೇಳಿದ್ದು. ನಾವು ಖುಷಿಯಾಗಿ ಹೋಗ್ಬಿಟ್ವಿ.”

“ಪಿಳ್ಳಮ್ಮ ಬಿದ್ದ ಸುದ್ದಿ ಗೊತ್ತಾದಾಗ ಯಾಕೆ ಹೇಳಲಿಲ್ಲ?”

“ಮಾರನೇ ದಿನ ಅವರೇ ಬಂದು ಅತ್ತರು ಮೇಡಂ. ತಾಯಿ ಹೋದ್ರು ಅಂತ. ರೂಮು ಬದಲಾಯಿಸಿದ್ದು ಗೊತ್ತಾದ್ರೆ ನಿಮ್ಮನ್ನೂ ಠಾಣೆಗೆ ಎಳೀತಾರೆ, ಹೊಸದಾಗಿ ಮದುವೆ ಆಗಿದ್ದೀರಿ, ಸುಮ್ಮನಿರಿ ಅಂದ್ರು.” ಅವಳ ಕಣ್ಣು ತುಂಬಿತ್ತು. “ಅವರು ನಿಜವಾಗ್ಲೂ ಮಗ ಅಲ್ವಾ?”

“ಪಿಳ್ಳಮ್ಮನಿಗೆ ಮಕ್ಕಳಿಲ್ಲ.”

ಅನಸೂಯ ಫೋನಿನಲ್ಲಿ ಒಂದು ಫೋಟೋ ತೆರೆದು ಕೊಟ್ಟಳು. ಹಿಂದಿನ ವಿಚಾರಣೆಯ ದಿನ ಕೋರ್ಟಿನ ಮೆಟ್ಟಿಲ ಮೇಲೆ ತಾನೇ ತೆಗೆದದ್ದು. ನಡುವೆ ಬೈರೇಶ, ಸುತ್ತ ಅವನ ಹುಡುಗರು.

“ಇದರಲ್ಲಿ ಅವನಿದ್ದಾನಾ? ಸರಿಯಾಗಿ ನೋಡಿ.”

ಹರ್ಷಿತ ಒಂದೊಂದೇ ಮುಖವನ್ನು ಬೆರಳಿಂದ ಹಿಗ್ಗಿಸಿ ನೋಡಿದಳು. ಬೈರೇಶನ ಮೇಲೆ ತಲೆಯಾಡಿಸಿದಳು, ಅಲ್ಲ. ಅವನ ಎಡಕ್ಕಿದ್ದವನು, ಅಲ್ಲ. ಬಲಕ್ಕಿದ್ದವನು, ಅಲ್ಲ. ಅನಸೂಯ ನಿರಾಸೆಯಿಂದ ಕೈ ಚಾಚಿದಾಗ ಹುಡುಗಿ ಫೋನನ್ನು ಬಿಡಲಿಲ್ಲ.

“ಇವರು. ಮೆಟ್ಟಿಲ ಮೇಲೆ ಹಿಂದಗಡೆ ಕರಿ ಕೋಟು ಹಾಕ್ಕೊಂಡು ನಿಂತಿರೋರು.”

ಅನಸೂಯ ನೋಡಿದಳು. ಮತ್ತೊಮ್ಮೆ ನೋಡಿದಳು.

ಶ್ರೀಧರ್.

ಪಿಳ್ಳಮ್ಮ ‘ನಮ್ಮೋರೇ’ ಎಂದದ್ದು. ಮೇಲಿನ ಕೋಣೆಯೇ ಜೋಪಾನವೆಂದು ನಂಬಿ ಬ್ಯಾಗು ಎತ್ತಿಕೊಂಡದ್ದು. ರಾತ್ರಿ ಗೋಡೆಯ ಆಚೆಯಿಂದ ಪರಿಚಯದ ಮೆದು ಧ್ವನಿ ಕೇಳಿ, ತನ್ನ ಕಡೆಯ ವಕೀಲನೇ ಕಾವಲಿಗೆ ಬಂದಿದ್ದಾನೆಂದು ಚಿಲಕ ತೆಗೆದದ್ದು. ಬೈರೇಶನಿಗೆ ಚಿಲಕದ ವಿಷಯ ತಿಳಿದದ್ದು, ಅವನ ದುಡ್ಡಿಗೆ ಮಾರಿಹೋದ ಈ ವಕೀಲನಿಂದಲೇ ಇರಬೇಕು. ಎಲ್ಲವೂ ಸರಿಯಾಗಿ ಕೂತವು. ಅದರ ಹಿಂದೆಯೇ ಇನ್ನೊಂದು ವಿಷಯ ನೆನಪಾಯಿತು. ಮಾರಕ್ಕನನ್ನು ಅವನ ಕಾರಿಗೆ ಹತ್ತಿಸಿದ್ದು ತಾನೇ.

“ಹರ್ಷಿತ, ಈಗ ಹೇಳಿದ್ದನ್ನ ಜಡ್ಜ್ ಎದುರು ಹೇಳ್ತೀಯಾ?”

ಹುಡುಗಿ ಕಣ್ಣೊರೆಸಿಕೊಂಡಳು. ಗಂಟಲು ಸರಿಮಾಡಿಕೊಂಡು, “ಆ ಮನುಷ್ಯನ ಮುಖ ನೋಡ್ಕೊಂಡೇ ಹೇಳ್ತೀನಿ” ಎಂದಳು.

“ವಿಜಯ್‌ನ ಮನೆಗೆ ಕರೆಸ್ಕೋ. ನಾನು ಹೇಳೋ ತನಕ ಯಾರಿಗೂ ಬಾಗಿಲು ತೆಗೀಬೇಡ.”

ಅನಸೂಯ ಕಾರಿನ ಕಡೆ ಓಡುತ್ತಲೇ ಮಾರಕ್ಕನ ನಂಬರು ಒತ್ತಿದಳು. ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು. ಕೊನೆಗೆ ಎತ್ತಿದ ಧ್ವನಿ ಮಾರಕ್ಕನದಾಗಿರಲಿಲ್ಲ.

“ಹೇಳಿ ಮೇಡಂ.” ಶ್ರೀಧರ್. ಹಿನ್ನೆಲೆಯಲ್ಲಿ ಎಂಜಿನ್ನಿನ ಗುಂಯ್‌ಗುಡುವಿಕೆ. “ನೆಲಮಂಗಲದಲ್ಲಿ ಕೆಲಸ ಆಯ್ತಾ? ಹರ್ಷಿತ ಚೆನ್ನಾಗಿದ್ದಾಳಾ?”

ಅನಸೂಯ ಕಾರಿನ ಬಾಗಿಲನ್ನು ಹಿಡಿದುಕೊಂಡು ನಿಂತಳು. ಮಾರಕ್ಕ ದಾರಿಯಲ್ಲಿ ಎಲ್ಲವನ್ನೂ ಹೇಳಿರಬೇಕು. ನಂಬಿದವರ ಮುಂದೆ ಬಚ್ಚಿಡುವ ಹೆಂಗಸಲ್ಲ ಅವಳು.

“ಮಾರಕ್ಕಂಗೆ ಕೊಡಿ.”

“ನಿದ್ದೆ ಮಾಡ್ತಿದ್ದಾರೆ ಮೇಡಂ, ಹಿಂದಿನ ಸೀಟಲ್ಲಿ. ದಾರೀಲಿ ನಾನು ಕೊಟ್ಟ ಕಾಫಿ ಕುಡಿದ್ರು, ಹಂಗೇ ಕಣ್ಣು ಎಳೀತು. ಪೆಟ್ರೋಲ್ ಹಾಕ್ಸೋಕೆ ನಾನು ಇಳಿದಾಗ್ಲೂ ಎಚ್ಚರ ಆಗ್ಲಿಲ್ಲ.”

ಬೆಳಗಿನ ಹೊತ್ತು. ಹಗಲಲ್ಲಿ ಕೂತು ಮಾತಾಡಲೂ ಒಪ್ಪದ ಮಾರಕ್ಕ, ಕೋರ್ಟಿಗೆಂದು ಒಳ್ಳೇ ಸೀರೆ ಉಟ್ಟು ಹೊರಟ ಮಾರಕ್ಕ.

“ಈಗ ನೀವು ಒಂದು ತೀರ್ಮಾನ ತಗೋಬೇಕು ಮೇಡಂ,” ಶ್ರೀಧರ್ ಮೆಲ್ಲಗೆ ಹೇಳಿದ. “ಪಿಳ್ಳಮ್ಮ ಜಾರಿ ಬಿದ್ದಳು, ಅಷ್ಟೇ. ಆ ಹುಡುಗಿ ಏನೂ ಹೇಳಿಲ್ಲ, ನೀವು ಏನೂ ಕೇಳಿಲ್ಲ. ಒಪ್ಪಿದ್ರೆ ಇವರನ್ನ ಮನೆ ಮುಂದೆ ಇಳಿಸಿ ಹೋಗ್ತೀನಿ.”

ಅನಸೂಯ ಕಾರಿನೊಳಗೆ ಕೂತು ಕೀ ತಿರುಗಿಸಿದಳು.

“ಜಾರಿದ ಅಂತ ಒಂದು ಸಲ ಬರೆಯೋಕೆ ಹೇಳಿದ್ರು ಶ್ರೀಧರ್, ಬರೀಲಿಲ್ಲ. ಇವತ್ತೂ ಬರೆಯಲ್ಲ. ಮಾರಕ್ಕನ್ನ ಎಬ್ಬಿಸು. ಅವರ ಬಾಯಿಂದ ಒಂದು ಮಾತು ಕೇಳಬೇಕು ನನಗೆ. ಈಗಲೇ.”

ಆ ಕಡೆ ಕಾರು ನಿಂತ ಸದ್ದು. ಬಾಗಿಲು ತೆರೆದ ಸದ್ದು. “ಮಾರಕ್ಕ... ರೀ ಮಾರಕ್ಕ...” ಎಂದು ಎರಡು ಸಲ ಕರೆದದ್ದು ದೂರದಿಂದ ಕೇಳಿಸಿತು.

ಫೋನಿಗೆ ಮರಳಿದಾಗ ಶ್ರೀಧರನ ಧ್ವನಿಯಲ್ಲಿ ಆ ಮೆದುತನ ಇರಲಿಲ್ಲ. ಮೊದಲ ಸಲ ಅವನು ಹೆದರಿದ್ದ.

“ಮೇಡಂ... ಕಾಫಿಯೆಲ್ಲ ಸೀಟಿನ ಕೆಳಗೆ ಚೆಲ್ಲಿದೆ. ಹಿಂದಿನ ಸೀಟಲ್ಲಿ ಅವಳಿಲ್ಲ.”